ಕಾಂತಕವಚವಿಲ್ಲದ ಶುಕ್ರನಲ್ಲಿ ಅಷ್ಟೊಂದು ಗಾಳಿ ಹೇಗೆ?

ಕಾಂತಕ್ಷೇತ್ರ ಇಲ್ಲದಿದ್ದರೆ ಸೌರಮಾರುತ ಭೂಮಿಯ ವಾಯುಮಂಡಲವನ್ನು ಎಂದೋ ಗುಡಿಸಿಹಾಕಿರುತ್ತಿತ್ತು, ಮಂಗಳನಿಗೆ ಆದದ್ದೂ ಅದೇ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಹೀಗೆನ್ನುವವರು ಮೊದಲು ಶುಕ್ರನ ಲೆಕ್ಕ ಒಪ್ಪಿಸಬೇಕು. ಶುಕ್ರನಿಗೆ ಸ್ವಂತ ಕಾಂತಕ್ಷೇತ್ರವಿಲ್ಲ. ಸೂರ್ಯನಿಗೆ ಹತ್ತಿರವಿರುವುದರಿಂದ ಅಲ್ಲಿ ಸೌರಮಾರುತದ ಹೊಡೆತ ನಮ್ಮಲ್ಲಿಗಿಂತ ಸುಮಾರು ಇಮ್ಮಡಿ. ಹಾಗಿದ್ದೂ ಅಲ್ಲಿನ ನೆಲದ ಮೇಲಿನ ವಾಯುಒತ್ತಡ ಭೂಮಿಯದರ 90 ಪಟ್ಟಿಗೂ ಹೆಚ್ಚು!

ಕವಚವಿಲ್ಲದ ಗ್ರಹ ಬಯಲಿಗೆ ಬಿದ್ದ ಗ್ರಹವಲ್ಲ. ಸೂರ್ಯನ ನೇರಳಾತೀತ ಬೆಳಕು ಶುಕ್ರನ ಮೇಲ್ಪದರದ ಗಾಳಿಯನ್ನು ಅಯಾನುಗಳಾಗಿ ಒಡೆಯುತ್ತದೆ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುವ ಸೌರಮಾರುತ ಸೂರ್ಯನ ಕಾಂತರೇಖೆಗಳನ್ನೂ ಹೊತ್ತು ತರುತ್ತದೆ. ಅವು ಈ ಪದರಕ್ಕೆ ಒತ್ತಿದಾಗ ಅದರಲ್ಲಿ ವಿದ್ಯುತ್ ಹರಿದು, ರೇಖೆಗಳು ಗ್ರಹದ ಮುಂದೆ ರಾಶಿಬಿದ್ದು, ಮಾರುತದ ಬಹುಪಾಲು ಪಕ್ಕಕ್ಕೆ ಸರಿಯುತ್ತದೆ. ಭೂಮಿಯ ಕಥೆ ಬೇರೆ. ನಮ್ಮ ಕಾಂತಕ್ಷೇತ್ರ ಸೂರ್ಯನ ಕಡೆಗೆ ಅರವತ್ತು ಸಾವಿರ ಕಿ.ಮೀ. ದಾಟಿ ಚಾಚಿಕೊಂಡಿದೆ. ಬಲೆ ದೊಡ್ಡದಾದಷ್ಟೂ ಬೀಳುವುದೂ ಹೆಚ್ಚು: ಹಾಗೆ ಹಿಡಿದ ಶಕ್ತಿಯ ಒಂದು ಪಾಲು ಧ್ರುವಪ್ರದೇಶಗಳಿಗೆ ಇಳಿದು, ಅಲ್ಲಿನ ಆಮ್ಲಜನಕದ ಅಯಾನುಗಳನ್ನು ಕಾಯಿಸಿ ಹೊರಗಟ್ಟುತ್ತದೆ. ವಿಜ್ಞಾನಿ ಹರ್ಬರ್ಟ್ ಗುನೆಲ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದಂತೆ ಭೂಮಿ, ಶುಕ್ರ, ಮಂಗಳಗಳ ಸೋರಿಕೆ ಹೆಚ್ಚುಕಡಿಮೆ ಒಂದೇ ಅಂದಾಜಿನದು, ಸೆಕೆಂಡಿಗೆ ಒಂದು ಕಿಲೋಗ್ರಾಂ ಆಸುಪಾಸು. ಇದೇ ದರದಲ್ಲಿ 450 ಕೋಟಿ ವರ್ಷ ಸೋರಿದರೂ ಭೂಮಿಯ ಈಗಿನ ಗಾಳಿಯಲ್ಲಿ ಶೇ. 3ರಷ್ಟು ಹೋದೀತು, ಅಷ್ಟೆ.

ಹಾಗಾದರೆ ಮಂಗಳನ ಗಾಳಿ ಎಲ್ಲಿ ಹೋಯಿತು ಎಂಬ ಆಕ್ಷೇಪ ಸಹಜ, ನ್ಯಾಯವಾದದ್ದೂ ಹೌದು. 2014ರಿಂದ ಮಂಗಳನನ್ನು ಸುತ್ತಿದ ನಾಸಾದ ಮೇವನ್ ನೌಕೆಯ ಅಳತೆಗಳ ಪ್ರಕಾರ ಅಲ್ಲಿದ್ದ ಆರ್ಗಾನ್‌ನಲ್ಲಿ ಸುಮಾರು ಮೂರನೇ ಎರಡು ಪಾಲು ಬಾಹ್ಯಾಕಾಶದ ಪಾಲಾಗಿದೆ. ಆರ್ಗಾನ್ ಯಾವುದರೊಂದಿಗೂ ಕೂಡುವುದಿಲ್ಲ, ಬಂಡೆಯಲ್ಲಿ ಸೇರಿಹೋಯಿತು ಎನ್ನುವಂತಿಲ್ಲ. ಸೌರಮಾರುತದ ಬಲದಿಂದ ವೇಗ ಪಡೆದ ಅಯಾನುಗಳು ಬಡಿದೇ ಅದು ಹಾರಿಹೋದದ್ದು. ಎಳೆಯ ಸೂರ್ಯನ ಆರ್ಭಟವೂ ಆಗ ಜೋರಾಗಿತ್ತು. ಅಂದಮೇಲೆ ಸೌರಮಾರುತ ನಿರಪರಾಧಿಯಲ್ಲ. ಆದರೆ ಅದೇ ಸೂರ್ಯನ ಮುಂದೆ, ಅಷ್ಟೇ ಕವಚಹೀನನಾಗಿ, ಇನ್ನೂ ಹತ್ತಿರದಲ್ಲಿ ಶುಕ್ರನೂ ಇದ್ದಾನಲ್ಲ! ಅವನು ನೀರಿನ ಹೈಡ್ರೋಜನ್ ಕಳೆದುಕೊಂಡನೇ ಹೊರತು ಭಾರದ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡಲಿಲ್ಲ.

ವ್ಯತ್ಯಾಸ ಮುಖ್ಯವಾಗಿ ಗುರುತ್ವದ್ದು. ಮಂಗಳನ ದ್ರವ್ಯರಾಶಿ ಭೂಮಿಯ ಹತ್ತನೇ ಒಂದು ಭಾಗ. ಅದರ ಹಿಡಿತ ತಪ್ಪಿಸಿಕೊಳ್ಳಲು ಸೆಕೆಂಡಿಗೆ 5 ಕಿ.ಮೀ. ವೇಗ ಸಾಕು, ಶುಕ್ರನಲ್ಲಿ 10 ಕಿ.ಮೀ.ಗೂ ಹೆಚ್ಚು ಬೇಕು. ಮೇಲ್ಪದರದಲ್ಲಿ ಆಮ್ಲಜನಕದ ಅಣು-ಅಯಾನೊಂದು ಎಲೆಕ್ಟ್ರಾನ್ ಜೊತೆ ಸೇರಿದರೆ ಎರಡು ಪರಮಾಣುಗಳಾಗಿ ಸಿಡಿಯುತ್ತದೆ. ಅವುಗಳ ವೇಗ ಸೆಕೆಂಡಿಗೆ 6 ಕಿ.ಮೀ. ಮೀರಬಲ್ಲದು. ಮಂಗಳನಲ್ಲಿ ಅಷ್ಟು ಸಾಕು, ಪರಮಾಣು ಪಾರು. ಶುಕ್ರನಲ್ಲಿ ಮತ್ತೆ ಕೆಳಗೇ ಬೀಳುತ್ತದೆ. ಈ ನಷ್ಟಕ್ಕೆ ಕಾರಣ ಬೆಳಕು, ಓಡಿಹೋಗುವುದು ವಿದ್ಯುದಾವೇಶವಿಲ್ಲದ ಪರಮಾಣು. ಎರಡನ್ನೂ ಕಾಂತಕ್ಷೇತ್ರ ತಡೆಯಲಾರದು. 2017ರಲ್ಲಿ ನಾಸಾದ ಜಿಮ್ ಗ್ರೀನ್, ಮಂಗಳ ಮತ್ತು ಸೂರ್ಯನ ನಡುವೆ ಕೃತಕ ಕಾಂತಕವಚವೊಂದನ್ನು ನಿಲ್ಲಿಸುವ ಯೋಚನೆ ಮುಂದಿಟ್ಟಿದ್ದರು. ಅದು ನಿಂತರೂ ಈ ಬಾಗಿಲು ತೆರೆದೇ ಇರುತ್ತದೆ.