ಐರ್ಲೆಂಡಿನ ಭೂಸ್ವಾಮಿಗಳೂ ಅವರ ಋಣಭಾರವೂ

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಐರ್ಲೆಂಡಿನಲ್ಲಿ ಸಹಸ್ರಾರು ಎಕರೆಗಳ ಒಡೆಯನೆನಿಸಿಕೊಂಡವನು, ಕಾನೂನಿನ ದೃಷ್ಟಿಯಿಂದ, ಬಹುಮಟ್ಟಿಗೆ ಆ ಭೂಮಿಯ ಆಜೀವ ಅನುಭೋಗಿ ಮಾತ್ರನಾಗಿದ್ದನು. ಅವನ ವಿವಾಹಕಾಲದಲ್ಲಿಯೇ ವಕೀಲರು ಬರೆದಿಟ್ಟ ಒಡಂಬಡಿಕೆಯ ಪತ್ರವು, ಆಸ್ತಿಯು ಇನ್ನೂ ಹುಟ್ಟದಿರುವ ಜ್ಯೇಷ್ಠಪುತ್ರನಿಗೆ ಅಖಂಡವಾಗಿ ಸಲ್ಲತಕ್ಕದ್ದೆಂದೂ, ವಿಧವೆಯಾಗಿ ಉಳಿದ ಪತ್ನಿಗೆ ವರ್ಷಂಪ್ರತಿ ಇಷ್ಟು ಜೀವನಾಂಶವೆಂದೂ, ಕಿರಿಯ ಮಕ್ಕಳಿಗೆ ಪ್ರಾಪ್ತವಯಸ್ಸಿನಲ್ಲಾಗಲಿ ವಿವಾಹದಲ್ಲಾಗಲಿ ಇಷ್ಟು ಹಣವೆಂದೂ ವಿಧಿಸಿಬಿಡುತ್ತಿತ್ತು. ಮನೆತನ ಒಡೆಯದಿರಲಿ, ಯಾರೂ ಅನಾಥರಾಗದಿರಲಿ ಎಂಬ ಸದುದ್ದೇಶದಿಂದ ಹುಟ್ಟಿದ ಏರ್ಪಾಡಿದು. ಆದರೆ ಕೈಯಲ್ಲಿ ನಗದಿಲ್ಲದ ಯಜಮಾನನು ಮಗಳ ಪಾಲನ್ನು ಸಲ್ಲಿಸುವುದಕ್ಕಾಗಿ ಭೂಮಿಯನ್ನು ಅಡವಿಡುತ್ತಿದ್ದನು. ಅವನ ಮಗನು ತಂಗಿಯರಿಗಾಗಿ ಮತ್ತೊಮ್ಮೆ ಅಡವಿಡುತ್ತಿದ್ದನು. ಮೊಮ್ಮಗನ ಕಾಲಕ್ಕೆ ಅಜ್ಜಿಯ ಜೀವನಾಂಶ, ಸೋದರತ್ತೆಯರ ಬಾಕಿ, ಸಾಹುಕಾರರ ಬಡ್ಡಿ ಇವೆಲ್ಲವೂ ಅದೇ ಗೇಣಿಯ ಹಣದಿಂದಲೇ ಸಂದಾಯವಾಗಬೇಕಾಗಿತ್ತು. ಆದಕಾರಣ ಸಾಲದ ವ್ಯಾಜ್ಯವೂ ದಾಯದ ವ್ಯಾಜ್ಯವೂ ಅಲ್ಲಿ ಬೇರೆಬೇರೆಯಾಗಿರಲಿಲ್ಲ. ಪ್ರತಿವಾದಿಯ ಎದುರಿನಲ್ಲಿ ನಿಂತ ಸಾಲಿಗನು ಎಷ್ಟೋ ಸಲ ಅವನ ಒಡಹುಟ್ಟಿದವಳೇ ಆಗಿರುತ್ತಿದ್ದಳು.

ಇದರೊಡನೆ ಮತದ ಪ್ರಶ್ನೆಯೂ ಕೂಡಿಕೊಂಡಿತು. 1704ರ ಶಾಸನದ ಮೇರೆಗೆ ಕ್ಯಾಥೊಲಿಕನ ಭೂಮಿಯು ಗಂಡುಮಕ್ಕಳಲ್ಲಿ ಸಮನಾಗಿ ಹಂಚಿಹೋಗಬೇಕು. ಜ್ಯೇಷ್ಠನು ಪ್ರಾಟೆಸ್ಟಂಟನಾದರೆ ಮಾತ್ರ ಸಮಸ್ತವೂ ಅವನದು, ತಂದೆಯಾದರೋ ಬದುಕಿರುವಾಗಲೇ ಕೇವಲ ಅನುಭೋಗಿಯಾಗಿ ಉಳಿಯಬೇಕು. ಮಗನನ್ನು ತಂದೆಯ ಮೇಲೆ ಎತ್ತಿಕಟ್ಟುವ ಇಂಥ ಕಾನೂನಿಗಿಂತ ಕ್ರೂರವಾದುದನ್ನು ಕಲ್ಪಿಸುವುದು ಕಷ್ಟ.

ಡಬ್ಲಿನ್ನಿನ ನ್ಯಾಯಾಲಯಗಳಲ್ಲಿ ಈ ವ್ಯಾಜ್ಯಗಳು ತಲೆಮಾರುಗಳ ತನಕ ನಡೆಯುತ್ತಿದ್ದವು. ಕಿಲ್ಡೇರ್ ಪ್ರಾಂತದ ಭೂಮಿಗಾಗಿ ಹೆಸ್ಟರ್ ಷರ್ಲಾಕ್ ಎಂಬಾಕೆಗೂ ಮಾರಿಸ್ ಆನ್ಸ್ಲಿ ಎಂಬಾತನಿಗೂ ನಡೆದ ವ್ಯಾಜ್ಯದಲ್ಲಿ ಐರ್ಲೆಂಡಿನ ಪ್ರಭುಸಭೆಯು ಆಕೆಯ ಪರವಾಗಿಯೂ, ಲಂಡನ್ನಿನ ಪ್ರಭುಸಭೆಯು ಆತನ ಪರವಾಗಿಯೂ ತೀರ್ಪಿತ್ತವು. ಲಂಡನ್ನಿನ ಆಜ್ಞೆಯನ್ನು ನಡೆಸಹೊರಟ ಎಕ್ಸ್‌ಚೆಕರ್ ನ್ಯಾಯಾಲಯದ ನ್ಯಾಯಾಧೀಶರನ್ನೇ ಐರಿಷ್ ಪ್ರಭುಗಳು 1719ರಲ್ಲಿ ಬಂಧನದಲ್ಲಿಟ್ಟರು. ಅದಕ್ಕೆ ಪ್ರತಿಯಾಗಿ ಬ್ರಿಟಿಷ್ ಪಾರ್ಲಿಮೆಂಟು 1720ರಲ್ಲಿ, ಐರ್ಲೆಂಡಿಗಾಗಿ ಕಾನೂನು ಮಾಡುವ ಅಧಿಕಾರ ತನಗುಂಟೆಂದೂ ಐರಿಷ್ ಪ್ರಭುಸಭೆಗೆ ಮೇಲ್ಮನವಿಯ ಅಧಿಕಾರವಿಲ್ಲವೆಂದೂ ಶಾಸನವಿಧಿಸಿತು. ಎರಡು ಕುಟುಂಬಗಳ ಕಲಹದಿಂದ ಇಡೀ ದೇಶದ ಸ್ವಾತಂತ್ರ್ಯಕ್ಕೇ ಭಂಗ ಬಂದಿತು. ಆ ಶಾಸನವು ರದ್ದಾದುದು 1782ರಲ್ಲಿ.

ಸಾಲದ ಭಾರದಿಂದ ಒಂದು ಮನೆತನ ಹೇಗೆ ಕುಸಿಯುತ್ತದೆಂಬುದಕ್ಕೆ ಪಶ್ಚಿಮ ಐರ್ಲೆಂಡಿನ ಕಾನೆಮಾರದ ಮಾರ್ಟಿನ್ನರಿಗಿಂತ ಕರುಣಾಜನಕವಾದ ನಿದರ್ಶನವಿಲ್ಲ. ಪ್ರಾಣಿಹಿಂಸೆಯ ವಿರುದ್ಧ 1822ರಲ್ಲಿ ಕಾನೂನು ತಂದ ರಿಚರ್ಡ್ ಮಾರ್ಟಿನ್ನನು, ಪಾರ್ಲಿಮೆಂಟಿನ ಸದಸ್ಯತ್ವ ಹೋದೊಡನೆ ಸಾಲಕೊಟ್ಟವರಿಂದ ಸೆರೆಯಾಗುವ ಭಯದಿಂದ ಫ್ರಾನ್ಸಿಗೆ ಓಡಿಹೋಗಿ, 1834ರಲ್ಲಿ ಬೂಲೋನಿನಲ್ಲಿ ತೀರಿಕೊಂಡನು. ಅವನ ಮಗ ಥಾಮಸನು 1847ರ ಕ್ಷಾಮದಲ್ಲಿ ತನ್ನ ಗೇಣಿದಾರರನ್ನು ನೋಡಿಬರಲು ನಿರ್ಗತಿಕರ ದುಡಿಮೆಮನೆಗೆ ಹೋಗಿ, ಅಲ್ಲಿಯ ಜ್ವರ ತಗುಲಿ ಮಡಿದನು. ಹತ್ತಿರ ಹತ್ತಿರ 2 ಲಕ್ಷ ಎಕರೆಗಳ ಉತ್ತರಾಧಿಕಾರಿಣಿಯಾದ ಅವನ ಮಗಳು ಮೇರಿ ಲೆಟೀಷಿಯಾಳಿಗೆ ದಕ್ಕಿದುದು ಹೆಸರು ಮಾತ್ರ: ಭೂಮಿಯೆಲ್ಲವೂ ಲಂಡನ್ನಿನ ವಿಮಾಸಂಸ್ಥೆಯೊಂದಕ್ಕೆ ಅಡವಾಗಿತ್ತು. ದೇಶಬಿಟ್ಟು ಹೊರಟ ಆಕೆಯು ಹಡಗಿನಲ್ಲಿ ಪ್ರಸವವಾಗಿ, 1850ರಲ್ಲಿ ನ್ಯೂಯಾರ್ಕಿನಲ್ಲಿ ಅಸುನೀಗಿದಳು. ಆಸ್ತಿಯು ಕಡೆಗೆ ಸಾಲಕೊಟ್ಟ ಸಂಸ್ಥೆಯ ಕೈಗೇ ಸೇರಿತು.

ಕ್ಷಾಮದಲ್ಲಿ ಗೇಣಿಯು ನಿಂತಿತು. 4 ಪೌಂಡಿಗೆ ಮೀರದ ಮೌಲ್ಯದ ಹಿಡುವಳಿಗಳ ಮೇಲೆ ಬಡವರ ಪೋಷಣೆಗಾಗಿ ವಿಧಿಸಿದ ತೆರಿಗೆಯನ್ನು ಭೂಸ್ವಾಮಿಯೇ ತೆರಬೇಕಾಗಿತ್ತು. ಬಡ್ಡಿ ಮಾತ್ರ ನಿಲ್ಲಲಿಲ್ಲ. ಮಾರಿ ಋಣಮುಕ್ತನಾಗೋಣವೆಂದರೆ, ಹತ್ತಾರು ಹಕ್ಕುದಾರರುಳ್ಳ ಭೂಮಿಯನ್ನು ಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಆಗ, 1849ರಲ್ಲಿ, ಋಣಗ್ರಸ್ತ ಆಸ್ತಿಗಳ ಪ್ರತ್ಯೇಕ ನ್ಯಾಯಾಲಯವೊಂದು ಮೂವರು ಕಮಿಷನರುಗಳೊಡನೆ ಸ್ಥಾಪಿತವಾಯಿತು. ಒಬ್ಬ ಸಾಲಿಗನ ಅರ್ಜಿಯ ಮೇಲೆಯೇ ಅದು ಭೂಮಿಯನ್ನು ಹರಾಜುಮಾಡಿ, ಕೊಂಡವನಿಗೆ ಹಳೆಯ ಹಕ್ಕುಬಾಧ್ಯತೆಗಳಾವುವೂ ಅಂಟದ ನಿರ್ಬಾಧಿತ ಹಕ್ಕುಪತ್ರವನ್ನು ಕೊಡಬಲ್ಲುದಾಗಿತ್ತು. ಬಂದ ಹಣವನ್ನು ಸಾಲಗಳ ಪೂರ್ವಾಪರಕ್ರಮದಲ್ಲಿ ಹಂಚುತ್ತಿದ್ದರು. ಆರಂಭದ ವರ್ಷಗಳಲ್ಲಿ ಒಮ್ಮೆಲೇ ಹರಾಜಿಗೆ ಬಂದ ಭೂಮಿಯು ಅಗ್ಗವಾಗಿ ಹೋಗಲು, ಹಣವು ಮೊದಲ ಅಡವುದಾರನಿಗೆ ಸಂದು, ಸರದಿಯ ಕೊನೆಯಲ್ಲಿದ್ದ ಅವಿವಾಹಿತ ಸೋದರಿಯರಿಗೂ ವಿಧವೆಯರಿಗೂ ಬರಿಗೈ ಉಳಿಯುವುದಿತ್ತು. ಯಾರ ರಕ್ಷಣೆಗೆಂದು ಆ ವಿವಾಹಪತ್ರಗಳು ಹುಟ್ಟಿದ್ದವೋ ಅವರೇ ಮೊದಲು ಮುಳುಗಿದರು.

1858ರಲ್ಲಿ ಇನ್ನೊಂದು ನ್ಯಾಯಾಲಯವು ಆ ಸ್ಥಾನಕ್ಕೆ ಬರುವ ವೇಳೆಗೆ ಸುಮಾರು 2 ಕೋಟಿ ಪೌಂಡುಗಳ ಭೂಮಿಯು ಕೈಬದಲಾಯಿಸಿತ್ತು. ಇಂಗ್ಲೆಂಡಿನ ಬಂಡವಾಳ ಹರಿದುಬರುವುದೆಂದು ಸರಕಾರವು ನಿರೀಕ್ಷಿಸಿದ್ದರೂ, ಕೊಂಡವರಲ್ಲಿ ಬಹುಸಂಖ್ಯಾತರು ಐರಿಷರೇ. ಹರಾಜಿಗೆ ಮುನ್ನ ಅಚ್ಚಾಗುತ್ತಿದ್ದ ಪುಸ್ತಿಕೆಗಳಲ್ಲಿ ಗೇಣಿದಾರನ ಹೆಸರು, ಅವಧಿ, ಗೇಣಿಯ ಮೊತ್ತ ಎಲ್ಲವೂ ಇದ್ದವು. ಆದರೆ ಆತನು ತನ್ನ ದುಡಿಮೆಯಿಂದ ಒಣಗಿಸಿದ ಜೌಗು, ಕಟ್ಟಿದ ಮನೆ, ಹಾಕಿದ ಬೇಲಿ ಇವುಗಳಿಗೆ ಅಲ್ಲಿ ಬೆಲೆಯಿರಲಿಲ್ಲ. ಅವೆಲ್ಲವೂ ಭೂಮಿಯೊಡನೆ ಮಾರಾಟವಾದವು. ಗ್ಲಾಸ್ಗೋದ ಅಲನ್ ಪೊಲೊಕ್ಕನಂಥ ಹೊಸ ಒಡೆಯರು ಗಾಲ್ವೇ ಪ್ರಾಂತದಲ್ಲಿ ಗೇಣಿದಾರರನ್ನು ತೆರವುಮಾಡಿ ಮಹಾಕ್ಷೇತ್ರಗಳನ್ನು ರಚಿಸಿದಾಗ, ಅವರನ್ನು ತಡೆಯಬಲ್ಲ ಕಾನೂನು ಇರಲಿಲ್ಲ. ಒಕ್ಕಲೆಬ್ಬಿಸಲ್ಪಟ್ಟವನು ತಾನು ಮಾಡಿದ ಸುಧಾರಣೆಗಳಿಗೆ ಪರಿಹಾರವನ್ನು ಕೇಳಬಹುದೆಂದು ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್ನನ ಶಾಸನವು ವಿಧಿಸಿದುದು 1870ರಲ್ಲಿ.