ಬೆಂಕಿಪುರದ ಸೌದೆ ಲೆಕ್ಕ

ನಮ್ಮ ತಂಡದಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದವನೊಬ್ಬನಿದ್ದಾನೆ. ಹೈದರಾಬಾದಿನಲ್ಲಿ ನಮಗೆ ರಾತ್ರಿ ಏಳೂವರೆಯಾದರೆ ಅವನಿಗೆ ಬೆಳಗ್ಗೆ ಹತ್ತು. ಕಳೆದ ತಿಂಗಳು ಸರ್ವರ್ ಕೈಕೊಟ್ಟಿತ್ತು. ಅದು ಸರಿಹೋಗುವವರೆಗೆ ಹರಟುತ್ತಾ, ತನ್ನ ಮುತ್ತಜ್ಜ ಕ್ಯಾಸ್ ಎಂಬ ಊರಿನಲ್ಲಿ ಮರ ಕಡಿಯುತ್ತಿದ್ದ ಕಥೆ ಹೇಳಿದ. ಅಪಲೇಚಿಯನ್ ಬೆಟ್ಟಗಳ ನಡುವೆ 1901ರಲ್ಲಿ ಕಾಗದದ ಕಂಪನಿಯೊಂದು ಕಟ್ಟಿದ ಊರದು. ಮನೆ, ಅಂಗಡಿ ಎಲ್ಲ ಕಂಪನಿಯದೇ. ಕಡಿದಾದ ಏರಿನಲ್ಲಿ ದಿಮ್ಮಿ ಎಳೆಯಲು 'ಶೇ' ಎಂಬ ಗೇರಿನ ಉಗಿ ಎಂಜಿನ್. 1960ರಲ್ಲಿ ಮಿಲ್ ಮುಚ್ಚಿತು. 1963ರಿಂದ ಅದೇ ಹಳಿಗಳ ಮೇಲೆ ಪ್ರವಾಸಿಗರು ಓಡಾಡುತ್ತಿದ್ದಾರೆ.

"ನಿಮ್ಮ ಕಡೆ ಇಂಥದ್ದಿತ್ತಾ?" ಎಂದು ಕೇಳಿದ. ಇಲ್ಲ, ನಮ್ಮದು ಭದ್ರಾವತಿ, ಕಬ್ಬಿಣದ ಊರು, ನಮ್ಮಜ್ಜ ಕಾರ್ಖಾನೆಯಲ್ಲಿದ್ದರು ಎಂದೆ. ಭಾನುವಾರ ಅಪ್ಪನಿಗೆ ಫೋನಿನಲ್ಲಿ ಇದನ್ನೇ ಹೇಳಿದರೆ ನಕ್ಕುಬಿಟ್ಟರು. "ಅಜ್ಜ ಕಬ್ಬಿಣ ಮುಟ್ಟಿದ್ದು ಯಾವಾಗಲೋ? ಅವರು ಕಾಡಲ್ಲಿ ಸೌದೆ ಅಳೀತಿದ್ರು."

ಮೂವತ್ತು ದಾಟಿದ ಮೇಲೆ ನನಗೆ ತಿಳಿದ ಸಂಗತಿ ಇದು! ಕಾರ್ಖಾನೆಯ ಮೊದಲ ಹೆಸರಿನಲ್ಲೇ ಸುಳಿವಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಬ್ಬಿಣಕ್ಕಿಂತ ಮೊದಲು ಮರ. ಮೈಸೂರು ಸಂಸ್ಥಾನದಲ್ಲಿ ಕೆಮ್ಮಣ್ಣುಗುಂಡಿಯ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಆ ಜಾಗವನ್ನು ಮಲೆನಾಡಿನ ಕಾಡು ತುಂಬಬೇಕಾಯಿತು. ಗಾಳಿಯಾಡದ ಕಬ್ಬಿಣದ ಕೋಣೆಗಳಲ್ಲಿ ಸೌದೆ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬಂದ ಹಬೆಯನ್ನು ತಣಿಸಿದರೆ ಅಸಿಟಿಕ್ ಆಮ್ಲ, ಮರದ ಸ್ಪಿರಿಟ್ಟು, ಟಾರು. ಇದ್ದಿಲು ಊದುಕುಲುಮೆಗೆ, ಉಳಿದದ್ದು ಮಾರಾಟಕ್ಕೆ.

1923ರಲ್ಲಿ ಕುಲುಮೆ ಉರಿಯಿತು. ಆದರೆ ಅದೇ ವರ್ಷ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ಮೆಥನಾಲ್ ತಯಾರಿಸತೊಡಗಿತು. ಜಗತ್ತಿನಾದ್ಯಂತ ಮರದ ಸ್ಪಿರಿಟ್ಟಿನ ಮಾರುಕಟ್ಟೆ ಬಿದ್ದುಹೋಯಿತು. ಬಿಡುಗಡೆಯ ದಿನವೇ ಹಳತಾಗಿಬಿಡುವ ಸಾಫ್ಟ್‌ವೇರ್ ನೆನಪಾಗಿ ನಗು ಬಂತು. ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರಿಗೆ ಮಾತ್ರ ಇದು ನಗುವ ವಿಷಯವಾಗಿರಲಿಕ್ಕಿಲ್ಲ.

ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು, ಒಂದು ಟನ್ ಇದ್ದಿಲಿಗೆ 4-5 ಟನ್ ಸೌದೆ. ಕುಲುಮೆಯನ್ನು ಆರಲು ಬಿಡುವಂತಿಲ್ಲ. ಆದ್ದರಿಂದ ಕಾಡಿನೊಳಕ್ಕೆ ಎರಡಡಿ ಅಗಲದ ಟ್ರಾಮ್ ಹಳಿ ಹಾಕಿದರು. ಅಜ್ಜ ಸೇರಿದ್ದು ನಲವತ್ತರ ದಶಕದಲ್ಲಿ. ಸೋಮವಾರ ಬೆಳಗ್ಗೆ ಅಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು ಹೊರಟರೆ ಮನೆಗೆ ಬರುತ್ತಿದ್ದುದು ಶನಿವಾರ ಸಂಜೆ. ಉಳಿಯಲು ಹುಲ್ಲಿನ ಜೋಪಡಿ. ಕೊಡಲಿಯವರು ಉರುಳಿಸಿದ ಮರವನ್ನು ಇಬ್ಬರು ಎಳೆಯುವ ಗರಗಸದಿಂದ ತುಂಡು ಮಾಡಿ ಒಟ್ಟುತ್ತಿದ್ದರು. ಅಜ್ಜ ಕೋಲು ಹಿಡಿದು ಉದ್ದ, ಅಗಲ, ಎತ್ತರ ಅಳೆದು ಬರೆದುಕೊಳ್ಳಬೇಕು. ಕಡಿದವರಿಗೆ ಕೂಲಿ ಆ ಲೆಕ್ಕದ ಮೇಲೆ. ಒಳಗೆ ಪೊಳ್ಳು ಬಿಟ್ಟು ಒಟ್ಟಿದ್ದಾರೋ ಎಂದು ಕೋಲು ತೂರಿಸಿ ನೋಡುವುದೂ ಅಜ್ಜನದೇ ಕೆಲಸವಂತೆ. ದೂರದ ಊರುಗಳಿಂದ ಬಂದ ಕೂಲಿಗಳು ಮಲೇರಿಯಾದಿಂದ ನಡುಗುತ್ತಾ ಮಲಗಿದ್ದಾಗ ಅವರ ಒಟ್ಟಿಲನ್ನು ಅಜ್ಜ ಒಂದು ಗೇಣು ಹೆಚ್ಚಿಗೆ ಬರೆದದ್ದುಂಟು. "ನಿಮ್ಮಜ್ಜಿಗೆ ಮಾತ್ರ ಹೇಳಿದ್ರು," ಎಂದರು ಅಪ್ಪ.

ಮನೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ? ಹೆಣ್ಣು ಕೇಳಲು ಹೋದಾಗ 'ಕಾರ್ಖಾನೆ ಕೆಲಸ' ಎಂದರೆ ತೂಕ, ಸೌದೆ ಎಂದರೆ ಏನಿದೆ? 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಸೌದೆಯ ಮಾತು ಇನ್ನೂ ಹಿಂದೆ ಸರಿಯಿತು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ ಎಂದು ಶಾಲೆಯಲ್ಲಿ ಕಲಿತಿದ್ದೆವು. ಆ ಊರಿನ ಕುಲುಮೆಯಲ್ಲಿ ಉರಿದದ್ದು ಏನು ಎಂದು ನಾನಂತೂ ಕೇಳಿರಲಿಲ್ಲ. ಲಕ್ಕವಳ್ಳಿಯಲ್ಲಿ ಸಫಾರಿಗೆ ಹೋದಾಗಲೆಲ್ಲ, ಮನುಷ್ಯರು ಮುಟ್ಟದ ಕಾಡು ಎಂದುಕೊಂಡೇ ಜೀಪಿನಲ್ಲಿ ಕುಳಿತಿದ್ದೇನೆ.

ಕ್ಯಾಸ್‌ನಲ್ಲಿ ಉಳಿಸಿಕೊಂಡಂಥ ಹಳಿ ನಮ್ಮಲ್ಲೂ ಇದೆಯೇ ಎಂದು ಅಪ್ಪನನ್ನು ಕೇಳಿದೆ. ಹರಾಜಿನಲ್ಲಿ ತಂದ ಒಂದು ತುಂಡು ಹಿತ್ತಿಲಲ್ಲಿದೆಯಂತೆ, ಬಟ್ಟೆ ಒಗೆಯುವ ಕಲ್ಲಿಗೆ ಆಸರೆಯಾಗಿ. ದೀಪಾವಳಿಗೆ ಊರಿಗೆ ಹೋದಾಗ ಫೋಟೊ ತೆಗೆದು ಅವನಿಗೆ ಕಳಿಸಬೇಕು.