ಮನೆಯಲ್ಲೇ ಕಟ್ಟಬಹುದಾದ ಆಟದ ಪೆಟ್ಟಿಗೆ

ಮಕ್ಕಳ ಕೈಗೆ ಮೊಬೈಲ್ ಬಂದ ಮೇಲೆ ವಿಡಿಯೋ ಗೇಮ್ ಎಂದರೆ ಗಾಜಿನ ಮೇಲೆ ಬೆರಳಾಡಿಸುವುದು ಎಂದಾಗಿದೆ. ಅದಕ್ಕೂ ಮೊದಲು ಆಟವಿದ್ದದ್ದು ಆಳೆತ್ತರದ ಮರದ ಪೆಟ್ಟಿಗೆಯೊಳಗೆ. ಎದುರಿಗೆ ನಿಂತು, ನಾಣ್ಯ ಹಾಕಿ, ಹಿಡಿಕೆಯನ್ನು ಆಚೀಚೆ ತಳ್ಳಿ, ಗುಂಡಿ ಒತ್ತಿ ಆಡಬೇಕಿತ್ತು. ಇದಕ್ಕೆ ಆರ್ಕೇಡ್ ಕ್ಯಾಬಿನೆಟ್ ಎಂದು ಹೆಸರು. ಹೊಸದನ್ನು ಕೊಳ್ಳುವುದು ಸಾಮಾನ್ಯ ಕುಟುಂಬಕ್ಕೆ ಎಟುಕುವ ಮಾತಲ್ಲ. ಆದರೆ ಹೈಸ್ಕೂಲು ವಿದ್ಯಾರ್ಥಿಯೊಬ್ಬ ಬೇಸಿಗೆ ರಜೆಯಲ್ಲಿ, ಹಿರಿಯರ ನೆರವಿನಿಂದ, ಅಂಥದೊಂದು ಪುಟ್ಟ ಪೆಟ್ಟಿಗೆಯನ್ನು ಕಡಿಮೆ ಖರ್ಚಿನಲ್ಲಿ ತಾನೇ ಕಟ್ಟಬಹುದು.

ಹೆಸರಾಂತ ಯಂತ್ರಗಳೂ ಹೀಗೆಯೇ ಹುಟ್ಟಿದವು. 1972ರಲ್ಲಿ ಅಮೆರಿಕದ ಅಟಾರಿ ಕಂಪನಿ ಸೇರಿದ ಅಲನ್ ಆಲ್ಕಾರ್ನ್ ಎಂಬ ಯುವ ಎಂಜಿನಿಯರ್‌ಗೆ ಅಭ್ಯಾಸಕ್ಕೆಂದು ಒಂದು ಸರಳ ಟೇಬಲ್ ಟೆನಿಸ್ ಆಟವನ್ನು ಮಾಡಲು ಹೇಳಲಾಯಿತು. ಆತ ಅಂಗಡಿಯಿಂದ 75 ಡಾಲರಿನ ಕಪ್ಪು-ಬಿಳುಪು ಟಿ.ವಿ. ತಂದು, ನಾಲ್ಕು ಅಡಿಯ ಮರದ ಪೆಟ್ಟಿಗೆಯಲ್ಲಿಟ್ಟು, ತಂತಿಗಳನ್ನು ಬೆಸುಗೆ ಹಾಕಿದ. ಅದೇ ‘ಪಾಂಗ್’. ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಪಾನಗೃಹವೊಂದರಲ್ಲಿ ಇಟ್ಟ ಆ ಯಂತ್ರ ಕೆಲ ದಿನಗಳಲ್ಲೇ ಕೆಟ್ಟು ನಿಂತಿತು. ಬಿಚ್ಚಿ ನೋಡಿದರೆ ಒಳಗೆ ನಾಣ್ಯ ತುಂಬಿ ತುಳುಕುತ್ತಿತ್ತು!

ಮೂರು ಪಟ್ಟಿಗಳು

ಕಡಿಮೆ ಖರ್ಚಿನ ಗುಟ್ಟು ಇರುವುದು ಅಂಗಡಿಯಲ್ಲಲ್ಲ, ಕಾಗದದ ಮೇಲೆ. ಮೊದಲು ಮೂರು ಪಟ್ಟಿ ಬರೆಯಬೇಕು: ಮನೆಯಲ್ಲಿ ಇರುವುದು, ಕೇಳಿ ಪಡೆಯಬಹುದಾದದ್ದು, ಕೊಳ್ಳಲೇಬೇಕಾದದ್ದು.

ಆನೇಕಲ್ಲಿನ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವಿದೆ. ಒಂದು ದಿಕ್ಕಿಗೆ ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆಯ ಕೈಗಾರಿಕಾ ಪ್ರದೇಶಗಳು. ಇನ್ನೂ ಮುಂದೆ ಹೋದರೆ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ. ಕಚೇರಿಗಳು ಕಂಪ್ಯೂಟರ್ ಬದಲಿಸಿದಾಗ ಹಳೆಯ ಚಪ್ಪಟೆ ಮಾನಿಟರುಗಳು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರುತ್ತವೆ. ಬಹುತೇಕ ಹಳೆಯ ಆಟಗಳಿಗೆ 17 ಅಂಗುಲದ ಚೌಕಾಕಾರದ ಮಾನಿಟರ್ ಧಾರಾಳವಾಯಿತು. ಮನೆಯಲ್ಲಿ ಮೂಲೆ ಸೇರಿದ ಕಂಪ್ಯೂಟರ್ ಇದ್ದರೆ ಅದೇ ಸಾಕು. ಇಲ್ಲವಾದರೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಕೂಡ ಈ ಕೆಲಸ ಮಾಡುತ್ತದೆ. ಪ್ಲೈವುಡ್ಡಿಗೆ ಊರಿನ ಬಡಗಿಯನ್ನೇ ಕೇಳಬಹುದು. ಎಂಟು ಅಡಿಗೆ ನಾಲ್ಕು ಅಡಿಯ ಹಾಳೆಯಲ್ಲಿ ಅರ್ಧ ಇದ್ದರೆ ಮೇಜಿನ ಮೇಲೆ ಕೂರುವ ಪೆಟ್ಟಿಗೆ ಆಗುತ್ತದೆ. ಆಳೆತ್ತರದ್ದೇ ಬೇಕೆಂಬ ಹಟ ಮೊದಲ ಸಲಕ್ಕೆ ಬೇಡ.

ಇನ್ನು ಕೊಳ್ಳಬೇಕಾದದ್ದು ಹಿಡಿಕೆ, ಗುಂಡಿಗಳು ಮತ್ತು ಅವುಗಳನ್ನು ಕಂಪ್ಯೂಟರಿಗೆ ಜೋಡಿಸುವ ಎನ್‌ಕೋಡರ್ ಬೋರ್ಡು. ಮಾರ್ಕೆಟ್ಟಿಗೆ ಹೋಗುವ ಬಸ್ಸು ಹಿಡಿದರೆ ಅಲ್ಲಿಂದ ಎಸ್.ಪಿ. ರಸ್ತೆ ಹತ್ತಿರ. ಎರಡು ಮೂರು ಅಂಗಡಿಗಳಲ್ಲಿ ಬೆಲೆ ವಿಚಾರಿಸಿಯೇ ಕೊಳ್ಳುವುದು ಒಳ್ಳೆಯದು. ಆಟಗಾರನ ಕೈ ಸದಾ ಇರುವುದು ಹಿಡಿಕೆ ಮತ್ತು ಗುಂಡಿಗಳ ಮೇಲೆ. ಆದ್ದರಿಂದ ಪೆಟ್ಟಿಗೆಯ ಬಣ್ಣ, ದೀಪಗಳಿಗೆ ಸುರಿಯುವ ಹಣವನ್ನು ಉಳಿಸಿ ಇವುಗಳಿಗೆ ಹಾಕಬೇಕು.

ಹಿಡಿಕೆಯೊಳಗಿನ ಲೆಕ್ಕ

ಹಿಡಿಕೆಯನ್ನು ತಿರುಗಿಸಿ ಅದರ ಬುಡ ನೋಡಿದರೆ ಕಾಣುವುದು ನಾಲ್ಕೇ ನಾಲ್ಕು ಪುಟ್ಟ ಸ್ವಿಚ್ಚುಗಳು. ಬಲಕ್ಕೆ ತಳ್ಳಿದರೆ ಒಂದು ಸ್ವಿಚ್ ಮುಚ್ಚಿ ಮಂಡಲ ಪೂರ್ಣವಾಗುತ್ತದೆ. ಹಾಗಾದರೆ ನಾಲ್ಕು ಸ್ವಿಚ್ಚಿನಿಂದ ಎಂಟು ದಿಕ್ಕು ಹೇಗೆ? ಓರೆಯಾಗಿ ತಳ್ಳಿದಾಗ ಎರಡು ಸ್ವಿಚ್ಚುಗಳು ಒಟ್ಟಿಗೆ ಮುಚ್ಚುತ್ತವೆ. ಎಡ, ಬಲ, ಎರಡೂ ಅಲ್ಲ ಎಂದು ಮೂರು ಸಾಧ್ಯತೆ. ಮೇಲೆ, ಕೆಳಗೆ, ಎರಡೂ ಅಲ್ಲ ಎಂದು ಇನ್ನು ಮೂರು. ಮೂರು ಮೂರಲ ಒಂಬತ್ತು. ನಡುವೆ ಸುಮ್ಮನಿರುವ ಸ್ಥಿತಿ ಕಳೆದರೆ ಎಂಟು ದಿಕ್ಕು!

ಇಂಥ ಮೈಕ್ರೋಸ್ವಿಚ್ಚಿಗೆ ಸಾಮಾನ್ಯವಾಗಿ ಮೂರು ಕಾಲುಗಳಿರುತ್ತವೆ. ಒತ್ತಿದಾಗ ಮಾತ್ರ ಕೂಡುವ ಜೋಡಿಗೆ ತಂತಿ ಹಾಕಬೇಕು. ತಪ್ಪಿ ಇನ್ನೊಂದು ಜೋಡಿಗೆ ಹಾಕಿದರೆ ಗುಂಡಿ ಮುಟ್ಟದೆಯೇ ಒತ್ತಿದಂತೆ ಕಂಪ್ಯೂಟರ್ ತಿಳಿಯುತ್ತದೆ. ಶಾಲೆಯ ಪ್ರಯೋಗಾಲಯದ ಮಲ್ಟಿಮೀಟರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಸ್ವಾರಸ್ಯವೆಂದರೆ ಸ್ವಿಚ್ಚಿನ ಲೋಹದ ಪಟ್ಟಿ ಮುಚ್ಚುವಾಗ ನೆಲಕ್ಕೆ ಬಿದ್ದ ಚೆಂಡಿನಂತೆ ಕೆಲವು ಬಾರಿ ಪುಟಿಯುತ್ತದೆ. ಒಂದು ಒತ್ತು ಹತ್ತಾಗದಂತೆ ಸೆಕೆಂಡಿನ ಸಾವಿರದ ಕೆಲವು ಭಾಗ ಕಾದು ನಿರ್ಧರಿಸುವುದು ಎನ್‌ಕೋಡರ್ ಅಥವಾ ತಂತ್ರಾಂಶದ ಕೆಲಸ.

ಎನ್‌ಕೋಡರಿಗೂ ಹಣವಿಲ್ಲವೆ? ಹಳೆಯ ಕೀಬೋರ್ಡಿನೊಳಗಿನ ಬೋರ್ಡನ್ನು ತೆಗೆದು ಬಳಸಬಹುದು. ಅದರಲ್ಲಿ ಕೀಲಿಗಳು ಸಾಲು-ಕಂಬಗಳ ಜಾಲದಲ್ಲಿರುವುದರಿಂದ ಮೂರು ಗುಂಡಿ ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೆಯದು ಕಾಣಿಸಿಕೊಳ್ಳಬಹುದು, ಇಲ್ಲವೇ ಮೂರನೆಯದು ದಾಖಲಾಗದೇ ಹೋಗಬಹುದು. ಯಾವ ಕೀಲಿಗಳು ಹೊಂದುತ್ತವೆ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಮೊದಲು ರಟ್ಟು, ಆಮೇಲೆ ಮರ

ಮಾನಿಟರ್ ಕೂರುವ ಕಿಂಡಿಯ ಅಳತೆಗೆ ಪೈಥಾಗೊರಸ್ ಪ್ರಮೇಯವೇ ಸಾಕು. 17 ಅಂಗುಲವೆಂಬುದು ಪರದೆಯ ಕರ್ಣ. ಅಗಲ-ಎತ್ತರದ ಪ್ರಮಾಣ 5:4 ಆದರೆ ಅಗಲ ಸುಮಾರು 13.3, ಎತ್ತರ ಸುಮಾರು 10.6 ಅಂಗುಲ. ಬಂದ ಉತ್ತರವನ್ನು ಅಳತೆಪಟ್ಟಿಯಿಂದ ತಾಳೆ ನೋಡಿ, ಮೊದಲು ರಟ್ಟಿನಲ್ಲಿ ಪೆಟ್ಟಿಗೆ ಮಾಡಬೇಕು. ಎದುರು ಕೂತು ಹತ್ತು ನಿಮಿಷ ಕೈಯಿಟ್ಟರೆ ಮಣಿಕಟ್ಟು ನೋಯುತ್ತದೋ ಇಲ್ಲವೋ ತಿಳಿಯುತ್ತದೆ. ರಟ್ಟು ಕತ್ತರಿಸಿದ ತಪ್ಪಿಗೆ ಬೆಲೆಯಿಲ್ಲ, ಪ್ಲೈವುಡ್ಡಿಗೆ ಇದೆ. ಗುಂಡಿಯನ್ನು ಕೈಯಲ್ಲಿ ಹಿಡಿದು ಅಳೆಯದೆ ರಂಧ್ರ ಕೊರೆಯಬಾರದು. ಗುಂಡಿಗಳ ಅಳತೆ ಎಲ್ಲವೂ ಒಂದೇ ಅಲ್ಲ. ಗರಗಸದ ಕೆಲಸ ಬಡಗಿಗೆ ಬಿಟ್ಟು, ಉಪ್ಪುಕಾಗದದಿಂದ ಅಂಚು ಉಜ್ಜುವುದನ್ನು ಮಕ್ಕಳು ಮಾಡಬಹುದು. ಬಿಸಿ ಗಾಳಿ ಮೇಲೇರುವುದರಿಂದ ಹಿಂಬದಿಯಲ್ಲಿ ಕೆಳಗೂ ಮೇಲೂ ಗಾಳಿಕಿಂಡಿ ಇರಲಿ.

ಪೋಷಕರು ಗಮನಿಸಬೇಕಾದದ್ದು

ಗುಂಡಿಗಳ ಮಂಡಲದಲ್ಲಿ ಹರಿಯುವುದು ಯು.ಎಸ್.ಬಿ.ಯ 5 ವೋಲ್ಟ್. ಅದರಿಂದ ಶಾಕ್ ಹೊಡೆಯುವ ಭಯವಿಲ್ಲ. ಗೋಡೆಯ 230 ವೋಲ್ಟಿನ ಕಥೆ ಬೇರೆ. ಅಡಾಪ್ಟರುಗಳನ್ನು ಬಿಚ್ಚದೆ, ಮೂರು ಪಿನ್ನಿನ ಅರ್ತಿಂಗ್ ಇರುವ ಪ್ಲಗ್ಗಿಗೇ ಹಾಕಬೇಕು. ಹಳೆಯ ಡಬ್ಬಿ ಟಿ.ವಿ. ಪುಕ್ಕಟೆ ಸಿಕ್ಕರೂ ಅದರ ಹಿಂಭಾಗವನ್ನು ಎಂದಿಗೂ ತೆರೆಯಕೂಡದು. ಬಣ್ಣದ ಪಿಕ್ಚರ್ ಟ್ಯೂಬ್ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟು ಕೆಲಸ ಮಾಡುತ್ತದೆ. ಪ್ಲಗ್ ಕಿತ್ತ ಮೇಲೂ ವಿದ್ಯುದಂಶವನ್ನು ಹಿಡಿದಿಟ್ಟುಕೊಂಡಿರುತ್ತದೆ.

ಆಟ ಎಲ್ಲಿಂದ ತರುವುದು? ಹಳೆಯ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ‘ಮೇಮ್’ ಎಂಬ ತಂತ್ರಾಂಶ 1997ರಲ್ಲಿ ಆರಂಭವಾಯಿತು. ಅದು ಉಚಿತ. ಆದರೆ ಅದರಲ್ಲಿ ಆಡುವ ಬಹುಪಾಲು ಆಟಗಳಿಗೆ ಈಗಲೂ ಹಕ್ಕುಸ್ವಾಮ್ಯವಿದೆ. ಎಲ್ಲೆಂದರಲ್ಲಿ ಇಳಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಮಾಲೀಕರೇ ಮುಕ್ತವಾಗಿ ಬಿಟ್ಟ ಕೆಲವು ಆಟಗಳಿವೆ, ಅವನ್ನು ಬಳಸಬಹುದು. ಅದಕ್ಕಿಂತಲೂ ಒಳ್ಳೆಯ ದಾರಿ, ಪಾಂಗ್‌ನಂಥ ಸರಳ ಆಟವನ್ನು ಸ್ಕ್ರ್ಯಾಚ್ ಅಥವಾ ಪೈಥಾನ್ ಭಾಷೆಯಲ್ಲಿ ತಾನೇ ಬರೆಯುವುದು. ಎರಡು ಪಟ್ಟಿ, ಒಂದು ಚೆಂಡು, ಪತನ ಕೋನ-ಪ್ರತಿಫಲನ ಕೋನಗಳು ಸಮ ಎಂಬ ಒಂದು ನಿಯಮ. ಇಷ್ಟಿದ್ದರೆ ಆಟ ಆರಂಭವಾಗುತ್ತದೆ.

ಆಟದಿಂದ ಓದು ಹಾಳಾದೀತೆಂಬ ಅಂಜಿಕೆ ಪೋಷಕರಲ್ಲಿ ಸಹಜ. ಮೊಬೈಲಿನ ಆಟ ಎಲ್ಲಿ ಹೋದರೂ ಮಗುವಿನ ಜೇಬಿನಲ್ಲಿಯೇ ಇರುತ್ತದೆ. ಈ ಪೆಟ್ಟಿಗೆ ಹಾಗಲ್ಲ. ನಡುಮನೆಯಲ್ಲಿ ಎಲ್ಲರ ಕಣ್ಣೆದುರು ಇರುತ್ತದೆ, ಪ್ಲಗ್ ತೆಗೆದರೆ ನಿಲ್ಲುತ್ತದೆ. ಆಡುವ ಹೊತ್ತನ್ನು ಕಟ್ಟುವ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳುವುದು ಉತ್ತಮ. ಇಷ್ಟಾಗಿ, ಗುಂಡಿಯೊಂದು ಕೆಟ್ಟ ದಿನ ಹೊಸದು ಬೇಕೆಂದು ಅಳದೆ, ಸ್ಕ್ರೂಡ್ರೈವರ್ ಹುಡುಕುವ ಮಗು ಮನೆಯಲ್ಲಿದ್ದರೆ ಅದಕ್ಕಿಂತ ದೊಡ್ಡ ಲಾಭ ಇನ್ನೇನು ಬೇಕು?